ಸಿಮೆಂಟಿಗೆ ಗುರಿ, ಕರೆಂಟಿಗೆ ಇಲ್ಲ: ಇಂಗಾಲದ ಬೆಲೆ ಸೋಲಾಪುರದ ಚಿಮಣಿಗೆ ತಟ್ಟುತ್ತದೆಯೇ?

2025ರ ಸೆಪ್ಟೆಂಬರ್ 22ರಂದು ಕಲ್ಲಿದ್ದಲಿನ ಮೇಲಿದ್ದ ಟನ್ನಿಗೆ ₹400ರ ಸೆಸ್ ಹೋಯಿತು. ಎರಡು ವಾರದ ಮೇಲೆ, ಅಕ್ಟೋಬರ್ 8ರಂದು, ದೇಶದ 282 ದೊಡ್ಡ ಕಾರ್ಖಾನೆಗಳಿಗೆ ಕೇಂದ್ರ ಸರ್ಕಾರ ಇಂಗಾಲದ ಗುರಿ ಹಾಕಿತು. ಒಂದು ಸುದ್ದಿ ಕಲ್ಲಿದ್ದಲನ್ನು ಅಗ್ಗ ಮಾಡಿತು. ಇನ್ನೊಂದು ಅದೇ ಕಲ್ಲಿದ್ದಲು ಸುಡುವ ಕಾರ್ಖಾನೆಗೆ ಲೆಕ್ಕ ಕೇಳಿತು. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ.

ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ದಕ್ಷಿಣ ಸೋಲಾಪುರ ತಾಲೂಕಿನ ಫತಾಟೆವಾಡಿಯಲ್ಲೇ ಕೇಂದ್ರ ಸರ್ಕಾರದ ಎನ್‌ಟಿಪಿಸಿ ಕಂಪನಿಯ 1,320 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇದೆ. ತಲಾ 660 ಮೆಗಾವಾಟ್‌ನ ಎರಡು ಘಟಕಗಳು. ಈ ಸ್ಥಾವರ ವರ್ಷವಿಡೀ ಶೇ 60ರಷ್ಟು ಓಡಿತು ಅಂದುಕೊಳ್ಳಿ. ಸುಮಾರು 690 ಕೋಟಿ ಯೂನಿಟ್ ಕರೆಂಟ್ ಬರುತ್ತದೆ. ಜೊತೆಗೆ 60 ಲಕ್ಷ ಟನ್ನಿಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೊಸ ನಿಯಮಗಳಿಂದ ಇದು ಕಡಿಮೆ ಆಗುತ್ತದೆಯೇ? ಲೈಟ್ ಬಿಲ್ ಏರುತ್ತದೆಯೇ, ಇಳಿಯುತ್ತದೆಯೇ?

ಗುರಿ ಯಾರಿಗೆ?

ಮೊದಲು ಅಕ್ಟೋಬರಿನ ಸುದ್ದಿ ನೋಡೋಣ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಯಿತು. ಅದರ ಬಲದ ಮೇಲೆ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಬಂತು. ಈಗ ಮೊದಲ ಗುರಿಗಳು ಹೊರಬಿದ್ದಿವೆ. ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ (ಕಾಸ್ಟಿಕ್ ಸೋಡಾ, ಕ್ಲೋರಿನ್ ಮಾಡುವ) ಕಾರ್ಖಾನೆಗಳು ಮೊದಲ ಪಟ್ಟಿಯಲ್ಲಿವೆ. 282ರಲ್ಲಿ 186 ಸಿಮೆಂಟಿನವೇ.

ನಿಯಮ ಹೀಗಿದೆ. ಕಾರ್ಖಾನೆ ಎಷ್ಟು ಸಿಮೆಂಟ್ ಬೇಕಾದರೂ ಮಾಡಲಿ, ಒಂದು ಟನ್ ಸಿಮೆಂಟಿಗೆ ಬಿಡುವ ಇಂಗಾಲ ಇಂತಿಷ್ಟನ್ನು ದಾಟಬಾರದು. 2023-24ರ ಮಟ್ಟದಿಂದ ಶುರುಮಾಡಿ 2025-26ಕ್ಕೆ ಒಂದು ಗುರಿ, 2026-27ಕ್ಕೆ ಇನ್ನೂ ಬಿಗಿಯಾದ ಗುರಿ. ಗುರಿಗಿಂತ ಕಡಿಮೆ ಬಿಟ್ಟವರಿಗೆ ಉಳಿಸಿದ ಪ್ರತಿ ಟನ್ನಿಗೆ ಒಂದು ಪ್ರಮಾಣಪತ್ರ ಸಿಗುತ್ತದೆ. ಜಾಸ್ತಿ ಬಿಟ್ಟವರು ಅದನ್ನು ಕೊಳ್ಳಬೇಕು. ಕೊಳ್ಳದಿದ್ದರೆ ಸರಾಸರಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು ದಂಡ. ಇಲ್ಲಿ ಲೆಕ್ಕ ಹಾಕುವುದು ಕಣ್ಣಿಗೆ ಕಾಣದ ಇಂಗಾಲದ ಅನಿಲವನ್ನು. ಹೊಲದ ಮೇಲೆ ಬೀಳುವ ಬೂದಿ, ಗಂಧಕದ ಅನಿಲ ಇವುಗಳಿಗೆ ಬೇರೆ ನಿಯಮಗಳಿವೆ.

ಉಕ್ಕು, ಗೊಬ್ಬರ, ರಿಫೈನರಿ, ಪೆಟ್ರೋಕೆಮಿಕಲ್, ಬಟ್ಟೆ ಉದ್ಯಮಗಳೂ ಈ ಯೋಜನೆಗೆ ಸೇರುವಂಥವೇ. ಬಟ್ಟೆ ಅಂದ ಕೂಡಲೇ ಸೋಲಾಪುರದವರು ಹೆದರಬೇಕಿಲ್ಲ. ಇದು ದೊಡ್ಡ ಗಿರಣಿಗಳ ಲೆಕ್ಕ. ಚಾದರ, ಟಾವೆಲ್ ನೇಯುವ ಸಣ್ಣ ಪವರ್‌ಲೂಮ್ ಶೆಡ್ಡುಗಳಿಗೆ ಇಂಥ ಗುರಿ ಇಲ್ಲ.

ಈ ಇಡೀ ಪಟ್ಟಿಯಲ್ಲಿ ವಿದ್ಯುತ್ ಸ್ಥಾವರಗಳು ಮಾತ್ರ ಇಲ್ಲ. ದೇಶದ ಕರೆಂಟಿನಲ್ಲಿ ನೂರಕ್ಕೆ 70ರ ಆಸುಪಾಸಿನ ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಆ ಸ್ಥಾವರಗಳು ವರ್ಷಕ್ಕೆ ನೂರು ಕೋಟಿ ಟನ್ನಿಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬೇರೆ ಯಾವ ಉದ್ಯಮವೂ ಇದರ ಹತ್ತಿರ ಬರುವುದಿಲ್ಲ. ಸೋಲಾಪುರದಿಂದ ರೈಲು ಹತ್ತಿ ಗಡಿ ದಾಟಿದರೆ ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಪ್ರದೇಶ ಸಿಗುತ್ತದೆ. ಅಂಥ ಕಾರ್ಖಾನೆ ತನ್ನ ಆವರಣದೊಳಗೆ ಸ್ವಂತ ಕಲ್ಲಿದ್ದಲು ಘಟಕ ನಡೆಸಿದರೆ ಅದರ ಇಂಗಾಲವೂ ಲೆಕ್ಕಕ್ಕೆ ಬರುತ್ತದೆ. ಅದೇ ಕಲ್ಲಿದ್ದಲನ್ನು ಫತಾಟೆವಾಡಿಯಲ್ಲಿ ಸುಟ್ಟರೆ ಈ ಯೋಜನೆಯಲ್ಲಿ ಲೆಕ್ಕವಿಲ್ಲ.

ಹಿಂದೆ ಹೀಗಿರಲಿಲ್ಲ. ಇಂಧನ ದಕ್ಷತೆಗಾಗಿ 2012ರಲ್ಲಿ ಬಂದ ಪ್ಯಾಟ್ ಯೋಜನೆಯ ಮೊದಲ ಸುತ್ತಿನಲ್ಲಿ 478 ಘಟಕಗಳಿದ್ದವು. ಅವುಗಳಲ್ಲಿ 144 ಉಷ್ಣ ವಿದ್ಯುತ್ ಸ್ಥಾವರಗಳೇ. ಅಂದರೆ ಸ್ಥಾವರಗಳ ಅಂಕಿಅಂಶ ಸರ್ಕಾರದ ಕೈಯಲ್ಲಿ ಹತ್ತಕ್ಕೂ ಹೆಚ್ಚು ವರ್ಷಗಳಿಂದ ಇದೆ. ಅಳೆಯಲು ಬರುವುದಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಬೆಲೆ ಕಟ್ಟಿದರೆ ಸ್ಥಾವರದಲ್ಲಿ ಏನು ಬದಲಾಗುತ್ತದೆ?

ಒಂದು ಯೂನಿಟ್ ಕಲ್ಲಿದ್ದಲು ಕರೆಂಟಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೊಸ ಸೂಪರ್‌ಕ್ರಿಟಿಕಲ್ (ಹೆಚ್ಚು ಬಿಸಿ, ಹೆಚ್ಚು ಒತ್ತಡದ ಹಬೆಯಿಂದ ಓಡುವ) ಘಟಕದಲ್ಲಿ ಅದು 0.9 ಕಿಲೋ ಆಸುಪಾಸು. ಹಳೆಯ ಘಟಕದಲ್ಲಿ ಒಂದು ಕಿಲೋ ದಾಟುತ್ತದೆ. ಟನ್ ಇಂಗಾಲಕ್ಕೆ ₹1,000 ಬೆಲೆ ಇಟ್ಟರೆ ಕಿಲೋಗೆ ಒಂದು ರೂಪಾಯಿ ಆಯಿತು. ಅಲ್ಲಿಗೆ ಯೂನಿಟ್ಟಿನ ಖರ್ಚು 90 ಪೈಸೆಯಿಂದ ₹1.05ರವರೆಗೆ ಏರುತ್ತದೆ.

ಈ ಏರಿಕೆ ಕೆಲಸ ಮಾಡುವ ಜಾಗ ಒಂದಿದೆ. ಗ್ರಿಡ್ಡಿನಲ್ಲಿ ಯಾವ ಸ್ಥಾವರ ಮೊದಲು ಓಡಬೇಕು ಎಂಬುದನ್ನು ಅದರ ಇಂಧನದ ಖರ್ಚು ನಿರ್ಧರಿಸುತ್ತದೆ. ಕಡಿಮೆ ಖರ್ಚಿನದ್ದು ಮೊದಲು, ದುಬಾರಿಯದ್ದು ಕೊನೆಗೆ. ಇದನ್ನೇ ಮೆರಿಟ್ ಆರ್ಡರ್ ಅನ್ನುತ್ತಾರೆ. ಕಟ್ಟಡ, ಯಂತ್ರಗಳ ಸ್ಥಿರ ವೆಚ್ಚ ಈ ಸರದಿಯಲ್ಲಿ ಬರುವುದಿಲ್ಲ. ಅದನ್ನು ಸ್ಥಾವರ ಓಡಿದರೂ ನಿಂತರೂ ಕೊಡಲೇಬೇಕು.

ಸೋಲಾಪುರದ ತೊಂದರೆ ಇಲ್ಲೇ ಇರುವುದು. ಸ್ಥಾವರ ಹೊಸದು, ದಕ್ಷತೆಯೂ ಚೆನ್ನಾಗಿದೆ. ಆದರೆ ಗಣಿಗಳು ದೂರ. ಕಲ್ಲಿದ್ದಲು ರೈಲಿನಲ್ಲಿ ಬರಬೇಕು, ಬಾಡಿಗೆ ಜಾಸ್ತಿ. ಹಾಗಾಗಿ ಸರದಿಯಲ್ಲಿ ಇದು ಹಿಂದೆ ಬೀಳುತ್ತದೆ. ಗಣಿಯ ಬಾಯಲ್ಲೇ ಇರುವ ಹಳೆಯ ಸ್ಥಾವರ ಜಾಸ್ತಿ ಇಂಗಾಲ ಬಿಟ್ಟರೂ ಮುಂದೆ ನಿಲ್ಲುತ್ತದೆ.

ಇಂಗಾಲಕ್ಕೆ ಬೆಲೆ ಬಂದರೆ ಈ ಸರದಿ ತಿರುಗುತ್ತದೆಯೇ? ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ಗಣಿ ಪಕ್ಕದ ಹಳೆಯ ಸ್ಥಾವರದ ಇಂಧನ ಖರ್ಚು ಯೂನಿಟ್ಟಿಗೆ ₹2, ಇಂಗಾಲ 1.05 ಕಿಲೋ ಅಂತಿಟ್ಟುಕೊಳ್ಳಿ. ದೂರದ ಹೊಸ ಸ್ಥಾವರದ್ದು ₹4, ಇಂಗಾಲ 0.9 ಕಿಲೋ. ಟನ್ನಿಗೆ ₹1,000 ಸೇರಿಸಿದರೆ ಮೊದಲನೆಯದು ₹3.05, ಎರಡನೆಯದು ₹4.90. ಎರಡು ರೂಪಾಯಿ ಇದ್ದ ಅಂತರ ₹1.85ಕ್ಕೆ ಬಂತು, ಅಷ್ಟೇ. ಅದು ಪೂರ್ತಿ ಅಳಿಯಬೇಕಾದರೆ ಟನ್ನಿಗೆ ₹13,000ಕ್ಕೂ ಮೇಲೆ ಬೆಲೆ ಬೇಕು. ಅಂಥ ಬೆಲೆ ಇಲ್ಲಿ ಸದ್ಯಕ್ಕೆ ಯಾರೂ ಇಡುವುದಿಲ್ಲ. ಹಾಗಾಗಿ ಒಂದು ಕಲ್ಲಿದ್ದಲು ಸ್ಥಾವರದ ಬದಲು ಇನ್ನೊಂದನ್ನು ಓಡಿಸಿ ಇಂಗಾಲ ಉಳಿಸುತ್ತೇವೆ ಎಂಬ ಆಸೆ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಬೆಲೆ ನಿಜವಾಗಿ ಕಚ್ಚುವುದು ಇನ್ನೂ ಕಟ್ಟದ ಸ್ಥಾವರಗಳ ವಿಷಯದಲ್ಲಿ. ಸೌರ ಮತ್ತು ಬ್ಯಾಟರಿ ಸೇರಿಸಿದ ಟೆಂಡರುಗಳಲ್ಲಿ ₹3.50 ಆಸುಪಾಸಿನ, ಅದಕ್ಕೂ ಕಡಿಮೆಯ ದರಗಳು ಬಂದಿವೆ. ಈಚೆಗಿನ ಹೊಸ ಕಲ್ಲಿದ್ದಲು ಟೆಂಡರುಗಳು ಹಲವು ರಾಜ್ಯಗಳಲ್ಲಿ ₹5 ದಾಟಿವೆ. ಆದರೂ 2031-32ರೊಳಗೆ ಇನ್ನೂ ಸುಮಾರು 80,000 ಮೆಗಾವಾಟ್ ಕಲ್ಲಿದ್ದಲು ಸಾಮರ್ಥ್ಯ ಸೇರಿಸುವ ಯೋಜನೆ ಇದೆ. ಸೂರ್ಯ ಮುಳುಗಿದ ಮೇಲೆ ರಾತ್ರಿಯಿಡೀ ಕರೆಂಟ್ ಕೊಡಲು ಕಲ್ಲಿದ್ದಲೇ ಬೇಕು ಎಂಬುದು ಅದಕ್ಕೆ ಕೊಡುವ ಕಾರಣ. ಒಮ್ಮೆ ಕಟ್ಟಿ 25 ವರ್ಷದ ಒಪ್ಪಂದ ಮಾಡಿಕೊಂಡ ಮೇಲೆ ಆ ಇಂಗಾಲ ಬಹುಮಟ್ಟಿಗೆ ಖಾತ್ರಿ. ಯೂನಿಟ್ಟಿಗೆ ಇನ್ನೊಂದು ರೂಪಾಯಿ ಸೇರುತ್ತದೆ ಎಂದು ಇಂದೇ ಗೊತ್ತಿದ್ದರೆ ಟೆಂಡರ್ ಕರೆಯುವ ರಾಜ್ಯ ಇನ್ನೊಮ್ಮೆ ಯೋಚಿಸುತ್ತದೆ. ಬೆಲೆಯನ್ನು ತಡಮಾಡದೆ ಘೋಷಿಸಬೇಕು ಎನ್ನುವುದು ಇದಕ್ಕಾಗಿಯೇ.

ಬೇರೆ ದೇಶಗಳು ಕಂಡದ್ದು

ಬ್ರಿಟನ್ ಎಲ್ಲರೂ ಕೊಡುವ ಉದಾಹರಣೆ. 2012ರಲ್ಲಿ ಅಲ್ಲಿನ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ಶೇ 40ರ ಹತ್ತಿರ ಇತ್ತು. 2013ರಲ್ಲಿ ಯುರೋಪಿನ ಇಂಗಾಲ ಮಾರುಕಟ್ಟೆಯ ಬೆಲೆಯ ಮೇಲೆ ತನ್ನದೇ ಹೆಚ್ಚುವರಿ ಬೆಲೆ ಹಾಕಿತು. 2015ರಿಂದ ಅದು ಟನ್ನಿಗೆ 18 ಪೌಂಡ್ ಆಯಿತು. ಕಲ್ಲಿದ್ದಲು ಸರದಿಯಲ್ಲಿ ಹಿಂದೆ ಬಿತ್ತು, ಗ್ಯಾಸ್ ಮುಂದೆ ಬಂತು. 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ಸ್ಥಾವರವೂ ಮುಚ್ಚಿತು.

ಆದರೆ ಅಲ್ಲಿ ಗ್ಯಾಸ್ ಸ್ಥಾವರಗಳು ಮೊದಲೇ ಸಿದ್ಧವಾಗಿದ್ದವು, ಗ್ಯಾಸೂ ಇತ್ತು. ಭಾರತದಲ್ಲಿ 20,000 ಮೆಗಾವಾಟ್‌ಗೂ ಹೆಚ್ಚು ಗ್ಯಾಸ್ ಸ್ಥಾವರಗಳಿದ್ದರೂ ಬಹುಪಾಲು ಸುಮ್ಮನೆ ನಿಂತಿರುತ್ತವೆ. ಕೈಗೆಟುಕುವ ದರದಲ್ಲಿ ಗ್ಯಾಸ್ ಸಿಗುವುದಿಲ್ಲ. ಮಹಾರಾಷ್ಟ್ರದವರಿಗೆ ದಾಭೋಳದ ಗ್ಯಾಸ್ ಸ್ಥಾವರದ ಕಥೆ ಗೊತ್ತೇ ಇದೆ. ಹಾಗಾಗಿ ಬ್ರಿಟನ್ನಿನ ವೇಗವನ್ನು ಇಲ್ಲಿ ನಿರೀಕ್ಷಿಸುವುದು ತಪ್ಪು.

ಯುರೋಪಿನ ಮಾರುಕಟ್ಟೆ 2005ರಲ್ಲೇ ಶುರುವಾಯಿತು. ಇಂಗಾಲ ಬಿಡುವ ಪರವಾನಗಿಗಳನ್ನು ಬೇಕಾಬಿಟ್ಟಿ ಹಂಚಿದ್ದರಿಂದ 2007ರಲ್ಲಿ ಬೆಲೆ ಸೊನ್ನೆಯ ಹತ್ತಿರ ಬಂತು. ಮುಂದೆಯೂ ಬಹಳ ವರ್ಷ ಅಗ್ಗವಾಗೇ ಇತ್ತು, ಆಗ ಸ್ಥಾವರಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ. ಪರವಾನಗಿ ಬಿಗಿ ಮಾಡಿದ ಮೇಲೆ 2023ರ ಫೆಬ್ರವರಿಯಲ್ಲಿ ಬೆಲೆ 100 ಯೂರೋ ದಾಟಿತು. ಆಸ್ಟ್ರೇಲಿಯಾ 2012ರ ಜುಲೈನಲ್ಲಿ ಟನ್ನಿಗೆ 23 ಆಸ್ಟ್ರೇಲಿಯನ್ ಡಾಲರ್ ಹಾಕಿತು. ವಿದ್ಯುತ್ ಕ್ಷೇತ್ರದ ಇಂಗಾಲ ಇಳಿಯಿತು. 2014ರಲ್ಲಿ ಹೊಸ ಸರ್ಕಾರ ಅದನ್ನು ಕಿತ್ತುಹಾಕಿತು, ಇಂಗಾಲ ಮತ್ತೆ ಏರಿತು.

ನಮಗೆ ಹೆಚ್ಚು ಹತ್ತಿರವಾದದ್ದು ಚೀನಾ. ಅದೂ ಒಟ್ಟು ಇಂಗಾಲಕ್ಕೆ ಮಿತಿ ಹಾಕಲಿಲ್ಲ, ಯೂನಿಟ್ಟಿಗೆ ಇಷ್ಟು ಅಂತ ಗುರಿ ಹಾಕಿತು. ಇಂಥ ಪದ್ಧತಿಯಲ್ಲಿ ಯೂನಿಟ್ಟಿಗೆ ಬರುವ ಇಂಗಾಲ ಸ್ವಲ್ಪ ಇಳಿಯುತ್ತದೆ. ಯೂನಿಟ್ಟುಗಳೇ ಜಾಸ್ತಿ ಆದರೆ ಒಟ್ಟು ಮೊತ್ತ ಏರುತ್ತಲೇ ಹೋಗಬಹುದು. ಆದರೂ ಚೀನಾ 2021ರಲ್ಲಿ ವಿದ್ಯುತ್ ಸ್ಥಾವರಗಳಿಂದಲೇ ಶುರುಮಾಡಿ 2025ರಲ್ಲಿ ಸಿಮೆಂಟ್, ಉಕ್ಕು, ಅಲ್ಯೂಮಿನಿಯಂಗೆ ಬಂತು. ಭಾರತ ಸಿಮೆಂಟಿನಿಂದ ಶುರುಮಾಡಿದೆ, ಕರೆಂಟಿಗೆ ಇನ್ನೂ ಬಂದಿಲ್ಲ.

ತೂಕದ ಮೇಲಿನ ತೆರಿಗೆ ಬೆಲೆಯ ಮೇಲೆ ಹೋಯಿತು

ಈಗ ಸೆಪ್ಟೆಂಬರಿನ ಸುದ್ದಿ. ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ.

2010ರಲ್ಲಿ ಕೇಂದ್ರ ಸರ್ಕಾರ ಟನ್ ಕಲ್ಲಿದ್ದಲಿಗೆ ₹50 ಸೆಸ್ ಹಾಕಿತು. 2014ರಲ್ಲಿ ಅದು ₹100, 2015ರಲ್ಲಿ ₹200, 2016ರಲ್ಲಿ ₹400 ಆಯಿತು. ಸ್ವಚ್ಛ ಇಂಧನಕ್ಕೆ ಹಣ ಕೂಡಿಸುವುದು ಅದರ ಉದ್ದೇಶ. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ ₹400 ರಾಜ್ಯಗಳ ಪರಿಹಾರದ ಸೆಸ್ ಆಗಿ ಬದಲಾಯಿತು. ವಿದ್ಯುತ್ ಸ್ಥಾವರಕ್ಕೆ ಹೋಗುವ ಸಾಧಾರಣ ದೇಶಿ ಕಲ್ಲಿದ್ದಲು ಟನ್ನಿಗೆ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅಂದರೆ ₹400 ಸೆಸ್ ಎಂದರೆ ಟನ್ ಇಂಗಾಲಕ್ಕೆ ₹270 ಆಸುಪಾಸಿನ ಬೆಲೆ. ಹೆಸರು ಏನೇ ಇದ್ದರೂ ಭಾರತದಲ್ಲಿ ಇಂಗಾಲದ ಬೆಲೆಗೆ ಹತ್ತಿರವಾಗಿದ್ದದ್ದು ಇದೊಂದೇ.

ಈಗ ಸೆಸ್ ಇಲ್ಲ. ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ಏರಿದೆ. ಶೇ 18 ಎಂದು ಕೇಳಿದವರಿಗೆ ತೆರಿಗೆ ಏರಿತು ಅನಿಸುತ್ತದೆ, ಅಲ್ವಾ? ಟನ್ನಿಗೆ ₹1,000ದ ಕಲ್ಲಿದ್ದಲನ್ನು ನೋಡಿ. ಮೊದಲು ಜಿಎಸ್‌ಟಿ ₹50, ಸೆಸ್ ₹400, ಒಟ್ಟು ₹450. ಈಗ ₹180 ಮಾತ್ರ. ಟನ್ನಿಗೆ ₹8,000ದ ವಿದೇಶಿ ಕಲ್ಲಿದ್ದಲಿಗೆ ಮೊದಲು ₹800 ಇತ್ತು, ಈಗ ₹1,440. ಟನ್ನಿಗೆ ಸುಮಾರು ₹3,080ಕ್ಕಿಂತ ಅಗ್ಗದ ಕಲ್ಲಿದ್ದಲಿಗೆ ತೆರಿಗೆ ಇಳಿಯಿತು, ಅದಕ್ಕಿಂತ ದುಬಾರಿಯದ್ದಕ್ಕೆ ಏರಿತು. ಕರೆಂಟ್ ಜಿಎಸ್‌ಟಿಯ ಹೊರಗಿರುವುದರಿಂದ ಸ್ಥಾವರಗಳು ಈ ತೆರಿಗೆಯನ್ನು ವಾಪಸ್ ಪಡೆಯಲು ಬರುವುದಿಲ್ಲ. ಅದು ನೇರ ಇಂಧನದ ಖರ್ಚಿಗೆ ಸೇರುತ್ತದೆ.

ಕಲ್ಲಿದ್ದಲು ಸಚಿವಾಲಯ ಕೊಟ್ಟ ಲೆಕ್ಕವೂ ಇದನ್ನೇ ಹೇಳುತ್ತದೆ. ಜಿ-6ರಿಂದ ಜಿ-17ರವರೆಗಿನ ದರ್ಜೆಗಳಲ್ಲಿ ಟನ್ನಿಗೆ ₹13ರಿಂದ ₹329ರವರೆಗೆ ಖರ್ಚು ಇಳಿಯಿತು. ಸರಾಸರಿ ಇಳಿಕೆ ₹260, ಯೂನಿಟ್ಟಿಗೆ 17ರಿಂದ 18 ಪೈಸೆ. ಜಿ-17 ಎಂದರೆ ಬೂದಿಯೇ ಜಾಸ್ತಿ ಇರುವ ಕೊನೆಯ ದರ್ಜೆ.

ಸರ್ಕಾರದ ಸಮರ್ಥನೆಯಲ್ಲಿ ಅರ್ಧ ನಿಜ ಇದೆ, ಅದನ್ನು ಒಪ್ಪಬೇಕು. ಕೆಳದರ್ಜೆ ಕಲ್ಲಿದ್ದಲು ಟನ್ನಿಗೆ ಒಂದು ಟನ್ನಿಗೂ ಕಡಿಮೆ ಇಂಗಾಲ ಬಿಡುತ್ತದೆ. ಒಳ್ಳೆಯ ವಿದೇಶಿ ಕಲ್ಲಿದ್ದಲು ಎರಡು ಟನ್ನಿಗೂ ಜಾಸ್ತಿ ಬಿಡುತ್ತದೆ, ಆದರೆ ಕರೆಂಟೂ ಅಷ್ಟೇ ಜಾಸ್ತಿ ಕೊಡುತ್ತದೆ. ಎಲ್ಲಕ್ಕೂ ಒಂದೇ ₹400 ಹಾಕಿದಾಗ ಕೆಳದರ್ಜೆಯ ಮೇಲೆ ಹೊರೆ ಜಾಸ್ತಿ ಬೀಳುತ್ತಿತ್ತು. ಸರಿ. ಹಾಗಾದರೆ ತೂಕದ ಬದಲು ಇಂಗಾಲವನ್ನೇ ಅಳೆದು ತೆರಿಗೆ ಹಾಕಬಹುದಿತ್ತು. ಕಲ್ಲಿದ್ದಲಿನ ದರ್ಜೆ ಹೇಗೂ ಬಿಲ್ಲಿನಲ್ಲೇ ಇರುತ್ತದೆ, ಅದರ ಮೇಲೆ ಲೆಕ್ಕ ಸುಲಭ. ಅದನ್ನು ಬಿಟ್ಟು ಬೆಲೆಯ ಮೇಲೆ ಹಾಕಿದ್ದರಿಂದ ಲೆಕ್ಕ ಇನ್ನೊಂದು ತುದಿಗೆ ಹೋಯಿತು. ಈಗ ಒಂದು ಟನ್ ಇಂಗಾಲಕ್ಕೆ ಕೆಳದರ್ಜೆ ಕಲ್ಲಿದ್ದಲು ₹100ರ ಆಸುಪಾಸು ಕಟ್ಟಿದರೆ, ವಿದೇಶಿ ಕಲ್ಲಿದ್ದಲು ₹650ರ ಹತ್ತಿರ ಕಟ್ಟುತ್ತದೆ. ಸುಡುವುದು ಎರಡೂ, ಗಾಳಿಗೆ ಸೇರುವ ಅನಿಲವೂ ಒಂದೇ. ಆಮದು ಕಡಿಮೆ ಮಾಡಲು ಇದು ಒಳ್ಳೆಯ ಉಪಾಯ ಇರಬಹುದು. ಇಂಗಾಲ ಕಡಿಮೆ ಮಾಡುವ ಉಪಾಯ ಅಂತೂ ಆಗಲಾರದು.

ಹಣದ ವಿಷಯವನ್ನೂ ಹೇಳಲೇಬೇಕು. 2010-11ರಿಂದ 2017-18ರವರೆಗೆ ಈ ಸೆಸ್‌ನಿಂದ ಸುಮಾರು ₹86,000 ಕೋಟಿ ಬಂತು. ಸ್ವಚ್ಛ ಇಂಧನ ನಿಧಿಗೆ ಹೋದದ್ದು ₹30,000 ಕೋಟಿಗೂ ಕಡಿಮೆ. ಯೋಜನೆಗಳಿಗೆ ಸಿಕ್ಕಿದ್ದು ₹16,000 ಕೋಟಿ ಕೂಡ ಇಲ್ಲ. ಇಂಗಾಲದ ಬೆಲೆ ಎಂದ ಕೂಡಲೇ ಜನ ಅನುಮಾನದಿಂದ ನೋಡುತ್ತಾರೆ ಎಂದರೆ ಅದಕ್ಕೆ ಇದೇ ಕಾರಣ.

ಬೇಡ ಎನ್ನುವವರು, ಬೇಕು ಎನ್ನುವವರು

ವಿದ್ಯುತ್ ಸ್ಥಾವರಗಳನ್ನು ಹೊರಗಿಡಬೇಕು ಎನ್ನುವವರ ಮೊದಲ ಮಾತು ನ್ಯಾಯದ್ದು. ಭಾರತದ ತಲಾ ಇಂಗಾಲ ವರ್ಷಕ್ಕೆ ಸುಮಾರು ಎರಡು ಟನ್, ಜಗತ್ತಿನ ಸರಾಸರಿಯ ಅರ್ಧಕ್ಕೂ ಕಡಿಮೆ. ಕರೆಂಟ್ ದುಬಾರಿ ಆದರೆ ಬಡವರಿಗೆ, ಸಣ್ಣ ಉದ್ಯಮಕ್ಕೆ ಪೆಟ್ಟು. ವಿತರಣಾ ಕಂಪನಿಗಳು 2029-30ಕ್ಕೆ ಶೇ 43.33ರಷ್ಟು ನವೀಕರಿಸಬಹುದಾದ ಕರೆಂಟ್ ಕೊಳ್ಳಬೇಕೆಂಬ ನಿಯಮ ಈಗಾಗಲೇ ಇದೆ, ಎರಡೆರಡು ಹೊರೆ ಯಾಕೆ ಎಂದೂ ಕೇಳುತ್ತಾರೆ.

ಇನ್ನೊಂದು ಆಕ್ಷೇಪಣೆ ತಾಂತ್ರಿಕವಾದದ್ದು, ಮತ್ತು ಗಟ್ಟಿಯಾದದ್ದು. ಮಧ್ಯಾಹ್ನ ಸೌರ ಕರೆಂಟ್ ಬಂದಾಗ ಕಲ್ಲಿದ್ದಲು ಸ್ಥಾವರ ತನ್ನ ಉತ್ಪಾದನೆಯನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ. ಅರ್ಧ ಬಲದಲ್ಲಿ ಓಡುವಾಗ ಅದರ ದಕ್ಷತೆ ಕಡಿಮೆ, ಯೂನಿಟ್ಟಿಗೆ ಇಂಗಾಲ ಜಾಸ್ತಿ. ಸಿಮೆಂಟಿನಂತೆ ಯೂನಿಟ್ಟಿಗೆ ಇಷ್ಟು ಎಂದು ಗುರಿ ಹಾಕಿದರೆ ಸೌರ ಕರೆಂಟಿಗೆ ಜಾಗ ಬಿಟ್ಟುಕೊಟ್ಟ ಸ್ಥಾವರಕ್ಕೇ ದಂಡ ಬೀಳುತ್ತದೆ. ಸರದಿಯಲ್ಲಿ ಹಿಂದಿದ್ದು ದಿನವೂ ಏರಿಳಿಯುವ ಸೋಲಾಪುರದಂಥ ಸ್ಥಾವರಕ್ಕೆ ಇದು ಅನ್ಯಾಯ.

ಬೇಕು ಎನ್ನುವವರ ಉತ್ತರ ನೇರವಾಗಿದೆ. ಯೂನಿಟ್ಟಿನ ಗುರಿ ಹೊಂದಿಕೆ ಆಗದಿದ್ದರೆ ಒಟ್ಟು ಟನ್ನಿಗೆ ಬೆಲೆ ಇಡಿ. ಆಗ ಕಡಿಮೆ ಓಡಿದ ಸ್ಥಾವರ ಕಡಿಮೆ ಕಟ್ಟುತ್ತದೆ. ಇನ್ನೊಂದು ಮಾತು ರಫ್ತಿನದ್ದು. ಆಮದು ಸರಕು ತಯಾರಿಸುವಾಗ ಬಿಟ್ಟ ಇಂಗಾಲದ ಮೇಲೆ ಯುರೋಪು ಹಾಕುವ ಗಡಿ ಇಂಗಾಲ ಶುಲ್ಕ 2026ರ ಜನವರಿಯಿಂದ ನಿಜವಾಗಿ ಜಾರಿಯಾಗಿದೆ. ನಾವು ಇಲ್ಲಿ ವಸೂಲಿ ಮಾಡದ ಹಣ ಉಕ್ಕು, ಅಲ್ಯೂಮಿನಿಯಂ ರಫ್ತಿನ ಮೂಲಕ ಅಲ್ಲಿನ ಖಜಾನೆಗೆ ಹೋಗುತ್ತದೆ.

ಈ ಎರಡು ಕಡೆಯ ವಾದಗಳಲ್ಲಿ ಬೇಕು ಎನ್ನುವವರದ್ದೇ ಗಟ್ಟಿ. ಬಡವರ ಕಾಳಜಿ ನಿಜವಾದದ್ದು, ಆದರೆ ಅದು ಹಣವನ್ನು ವಾಪಸ್ ಕೊಡುವ ಪ್ರಶ್ನೆ. ಇಂಗಾಲವನ್ನು ಲೆಕ್ಕದಿಂದಲೇ ಬಿಡಲು ಅದು ಕಾರಣ ಆಗಬಾರದು.

ಬಿಲ್ ಕಟ್ಟುವವರು ಯಾರು?

ತೆರಿಗೆ ಬದಲಾದರೆ ಸ್ಥಾವರ ಅದನ್ನು ಕಾನೂನು ಬದಲಾವಣೆ ಎಂಬ ಕಲಮಿನಡಿ ಕರೆಂಟ್ ಕೊಳ್ಳುವವರಿಗೆ ದಾಟಿಸುತ್ತದೆ. ಮಹಾರಾಷ್ಟ್ರದಲ್ಲಿ ಅದು ಸರ್ಕಾರಿ ವಿತರಣಾ ಕಂಪನಿ ಮಹಾವಿತರಣ. ಅಲ್ಲಿಂದ ಗ್ರಾಹಕರಿಗೆ. ಈಗ ಇಳಿದ 17-18 ಪೈಸೆಯೂ ಇದೇ ದಾರಿಯಲ್ಲಿ ಬರಬೇಕು. ಆದರೆ ಬಿಲ್ಲಿನಲ್ಲಿ ಇಂಧನ ಹೊಂದಾಣಿಕೆ, ಸಾಗಣೆ, ಹಳೆಯ ಬಾಕಿ ಎಲ್ಲ ಸೇರಿರುವುದರಿಂದ ಈ ಪೈಸೆ ಬೇರೆಯಾಗಿ ಕಾಣುವುದು ಕಷ್ಟ.

ಮುಂದೊಂದು ದಿನ ಟನ್ನಿಗೆ ₹1,000 ಬೆಲೆ ಬಂದರೆ ಹೊರೆ ಎಲ್ಲರ ಮೇಲೆ ಒಂದೇ ಸಮ ಬೀಳುವುದಿಲ್ಲ. ಮಹಾರಾಷ್ಟ್ರದಲ್ಲಿ 7.5 ಎಚ್‌ಪಿವರೆಗಿನ ರೈತರ ಪಂಪಿಗೆ ಕರೆಂಟ್ ಉಚಿತ. ಅಲ್ಲಿ ಹೊರೆ ರಾಜ್ಯದ ಖಜಾನೆಗೆ. ಮನೆಯ ವಿಷಯದಲ್ಲಿ ಗಡಿಯ ವ್ಯತ್ಯಾಸ ದೊಡ್ಡದು. ಇಂಡಿ, ಅಫಜಲಪುರದ ಮನೆಗಳಿಗೆ ಕರ್ನಾಟಕ ಸರ್ಕಾರ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕೊಡುತ್ತದೆ. ಅಲ್ಲಿ ಏರಿಕೆ ಮನೆಗೆ ತಟ್ಟುವುದಿಲ್ಲ, ಬೆಂಗಳೂರಿನ ಬಜೆಟ್ಟಿಗೆ ತಟ್ಟುತ್ತದೆ. ಅಕ್ಕಲಕೋಟೆಯ ಮನೆ ತನ್ನ ಜೇಬಿನಿಂದಲೇ ಕಟ್ಟಬೇಕು. ಎಲ್ಲರಿಗಿಂತ ಜಾಸ್ತಿ ಬಿಸಿ ತಟ್ಟುವುದು ಸೋಲಾಪುರದ ಪವರ್‌ಲೂಮುಗಳಿಗೆ. ಇಂಗಾಲದ ಗುರಿ ಅವುಗಳಿಗಿಲ್ಲ, ಆದರೆ ಕರೆಂಟ್ ಬಿಟ್ಟರೆ ಅವು ನಡೆಯುವುದೇ ಇಲ್ಲ. ಬಂದ ಹಣದಲ್ಲಿ ಶೆಡ್ಡುಗಳ ತಗಡಿನ ಮೇಲೆ ಸೋಲಾರ್ ಹಾಕಿಸಿಕೊಟ್ಟರೆ ಈ ಏರಿಕೆಯ ದೊಡ್ಡ ಪಾಲು ತಪ್ಪುತ್ತದೆ.

ಫತಾಟೆವಾಡಿಯಲ್ಲಿ ಏನಾಗಬಹುದು?

ಸದ್ಯದ ನಿಯಮಗಳಿಂದ ಈ ಸ್ಥಾವರದ ಇಂಗಾಲ ಇಳಿಯಲು ಯಾವ ಕಾರಣವೂ ಇಲ್ಲ. ದೇಶಿ ಕಲ್ಲಿದ್ದಲು ಅಗ್ಗವಾದದ್ದರಿಂದ ಓಡುವ ಖರ್ಚು ಸ್ವಲ್ಪ ಇಳಿದಿದೆ. ಅದಕ್ಕಿಂತ ಅಗ್ಗದ ಸ್ಥಾವರಗಳದ್ದೂ ಇಳಿದಿರುವುದರಿಂದ ಸರದಿಯಲ್ಲಿ ಜಾಗ ಹೆಚ್ಚು ಬದಲಾಗುವುದಿಲ್ಲ. ಇದರ ಓಟವನ್ನು ಹಗಲಿನಲ್ಲಿ ಸೌರ ಕರೆಂಟ್ ತಗ್ಗಿಸುತ್ತದೆ, ಸಂಜೆಯ ಬೇಡಿಕೆ ಏರಿಸುತ್ತದೆ.

ಬೆಲೆ ಬಂದರೆ ಸ್ಥಾವರಕ್ಕೆ ತಕ್ಷಣ ಸಿಗುವ ದಾರಿ ಒಂದಿದೆ. ಕಲ್ಲಿದ್ದಲಿನ ಜೊತೆ ಬೆಳೆಯ ಕಸದ ಉಂಡೆಗಳನ್ನು ಸುಡುವುದು. ಶೇ 5ರಷ್ಟಾದರೂ ಹೀಗೆ ಸುಡಬೇಕೆಂಬ ನಿಯಮ ಈಗಲೂ ಇದೆ, ಆದರೆ ಉಂಡೆ ದುಬಾರಿ, ಪೂರೈಕೆಯೂ ಸಾಲದು. ಸೋಲಾಪುರ ಕಬ್ಬಿನ ಜಿಲ್ಲೆ. ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಹಚ್ಚುವುದು ಇಲ್ಲಿ ರೂಢಿ. ಟನ್ ಇಂಗಾಲಕ್ಕೆ ₹1,000 ಇದ್ದರೆ ಒಂದು ಟನ್ ಕಲ್ಲಿದ್ದಲು ಉಳಿಸಿದ್ದಕ್ಕೆ ಸುಮಾರು ₹1,500 ಲಾಭ. ಅದರ ಒಂದು ಪಾಲು ರವದಿ ಕೂಡಿಸಿ ಕೊಡುವ ರೈತನಿಗೆ ಬರಬಹುದು.

ಮುಂದೆ ಎರಡು ತೀರ್ಮಾನಗಳನ್ನು ಗಮನಿಸಬೇಕು. 2026-27ರ ನಂತರದ ಗುರಿಗಳಲ್ಲಿ ವಿದ್ಯುತ್ ಸ್ಥಾವರಗಳು ಸೇರುತ್ತವೆಯೇ, ಸೇರಿದರೆ ಯೂನಿಟ್ಟಿನ ಲೆಕ್ಕವೋ ಒಟ್ಟು ಟನ್ನಿನ ಲೆಕ್ಕವೋ ಎಂಬುದು ಒಂದು. ಕಲ್ಲಿದ್ದಲಿನ ಮೇಲೆ ಇಂಗಾಲವನ್ನೇ ಅಳೆದು ಹಾಕುವ ಸುಂಕ ಮತ್ತೆ ಬರುತ್ತದೆಯೇ ಎಂಬುದು ಇನ್ನೊಂದು. ಎರಡನೆಯದು ಬಂದರೆ ಹಣದ ದಾರಿ ಮೊದಲೇ ಗೊತ್ತಿರಬೇಕು. 2015ರಿಂದ ಗಣಿ ಜಿಲ್ಲೆಗಳಿಗೆ ಜಿಲ್ಲಾ ಖನಿಜ ನಿಧಿ ಇದೆ. ಕಲ್ಲಿದ್ದಲು ತೆಗೆಯದೆ ಬರೀ ಸುಡುವ ಸೋಲಾಪುರಕ್ಕೆ ಕಲ್ಲಿದ್ದಲಿನಿಂದ ಅಂಥದ್ದು ಯಾವುದೂ ಬರುವುದಿಲ್ಲ. ಬೂದಿ ಸಹಿಸುವ ಊರು ಇದು, ಸ್ಥಾವರದ ಓಟ ತಗ್ಗಿದಾಗ ಗುತ್ತಿಗೆ ಕೆಲಸ ಕಳೆದುಕೊಳ್ಳುವ ಊರೂ ಇದೇ. ಹೊಸ ಸುಂಕದಲ್ಲಿ ಸ್ಥಾವರ ಇರುವ ತಾಲೂಕುಗಳ ಪಾಲು ಎಷ್ಟು ಎಂದು ಕಾನೂನಿನಲ್ಲೇ ಬರೆದಿರಬೇಕು. ದಕ್ಷಿಣ ಸೋಲಾಪುರದ ಗ್ರಾಮಸಭೆಗಳು, ಇಲ್ಲಿಂದ ಆರಿಸಿಹೋದವರು ಆ ಕರಡು ಬರುವ ಮೊದಲೇ ಇದನ್ನು ಕೇಳಬೇಕು.